ಬೀಗಿತ್ತಿಯ ಉಡಿಯೂ ಭತ್ತ ತೂರುವ ಫ್ಯಾನೂ

ಯಾವ ಕೆಲಸವನ್ನೇ ಆಗಲಿ, ಮುಂಚಿತವಾಗಿ ಯೋಜನೆ ಹಾಕಿ ಮಾಡಿದರೆ ಕೆಡುವುದಿಲ್ಲ ಎಂಬುದು ನನ್ನ ನಂಬಿಕೆ. ಮಸ್ಕಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು. ಪಾಠಕ್ಕೆ ಯೋಜನೆ, ಅಡುಗೆಗೆ ಯೋಜನೆ, ನಮ್ಮ ಯಜಮಾನರು ಯಾವ ಮದುವೆಗೆ ಯಾವ ಅಂಗಿ ತೊಡಬೇಕು ಎಂಬುದಕ್ಕೂ ಯೋಜನೆ. ಹಾಗಿರುವಾಗ ಬಸುರಿ ಸೊಸೆಯ ಕುಬುಸದ ದಿನ ತುಂಬಿದ ಮನೆಯಲ್ಲಿ ನನ್ನ ಮೈ ಕಾದರೆ ತಣಿಸಿಕೊಳ್ಳುವುದಕ್ಕೂ ಒಂದು ಯೋಜನೆ ಹಾಕಿದ್ದೆ. ಅದು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ನಮ್ಮ ನೆಂಟರು ಎಲ್ಲಿ ಕೂಡಿದರೂ ಈಗಲೂ ಅದನ್ನೇ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಾರೆ.

ನನಗೆ ಮುಟ್ಟು ನಿಲ್ಲುವ ವಯಸ್ಸು ಬಂದಿತ್ತು. ನಿಲ್ಲುವುದು ತಾನೇ, ಬಸ್ಸು ನಿಂತ ಹಾಗೆ ನಿಲ್ಲುತ್ತದೆ ಎಂದುಕೊಂಡಿದ್ದೆ. ನಮ್ಮ ಭಾಗದ ಬಸ್ಸುಗಳು ನಿಲ್ಲುವ ಮುಂಚೆ ಏನೇನು ಮಾಡುತ್ತವೆ ಎಂಬುದು ಆಗ ನೆನಪಾಗಲಿಲ್ಲ. ಕುಳಿತಲ್ಲೇ ಎದೆಯೊಳಗೆ ಯಾರೋ ಒಲೆ ಹಚ್ಚಿದಂತಾಗಿ, ಆ ಉರಿ ಕುತ್ತಿಗೆಗೆ ಏರಿ, ಮುಖಕ್ಕೆ ಹಬ್ಬಿ, ಬೆನ್ನೆಲ್ಲ ಒದ್ದೆಯಾಗುತ್ತಿತ್ತು. ಎರಡು ನಿಮಿಷದಲ್ಲಿ ಎಲ್ಲ ಇಳಿದು ಏನೂ ಆಗಿಲ್ಲವೆಂಬಂತಿರುತ್ತಿತ್ತು. ಆ ಎರಡು ನಿಮಿಷದಲ್ಲಿ ಎದುರಿಗೆ ಯಾರಿದ್ದರೂ ನನ್ನ ಬಾಯಿಂದ ಒಂದೆರಡು ಮಾತು ತಿಂದೇ ಹೋಗುತ್ತಿದ್ದರು.

ಬೇಸಿಗೆಯಲ್ಲಿ ಯಾರಿಗೂ ಇದು ಗೊತ್ತಾಗಲಿಲ್ಲ. ನಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ ಗೋಡೆಯೂ ಬೆವರುತ್ತದೆ. ನಾನೊಬ್ಬಳು ಬೆವರಿದರೆ ಯಾರು ಕೇಳುತ್ತಾರೆ? ಸಿಕ್ಕಿಬಿದ್ದದ್ದು ಚಳಿಗಾಲದಲ್ಲಿ. ಒಂದು ಬೆಳಿಗ್ಗೆ ಎಲ್ಲರೂ ಸ್ವೆಟರ್ ಹಾಕಿಕೊಂಡು ಚಹಾ ಕುಡಿಯುತ್ತಿದ್ದಾಗ ನಾನು ಫ್ರಿಜ್ಜಿನ ಬಾಗಿಲು ತೆರೆದು ಒಳಗೆ ತಲೆಯಿಟ್ಟು ನಿಂತಿದ್ದೆ.

"ಏನ್ ಹುಡುಕಾಕತ್ತೀ?" ಎಂದರು ಯಜಮಾನರು.

"ಮೆಂತೆ ಪಲ್ಯ."

"ತಲಿ ಮ್ಯಾಲ ಮೊಸರಿನ ಗಡಿಗಿ ಬೀಳತೈತಿ ನೋಡು. ದವಾಖಾನಿಗೆ ತೋರ್ಸು ಅಂದ್ರ ಕೇಳಂಗಿಲ್ಲ."

ದವಾಖಾನೆಗೆ ಹೋಗಲು ನನಗೆ ನಾಚಿಕೆ. ಹತ್ತನೇ ತರಗತಿಗೆ ಹಾರ್ಮೋನುಗಳ ಪಾಠ ಮಾಡುವವಳು ನಾನೇ. ಬೋರ್ಡಿನ ಮೇಲೆ ಬಣ್ಣದ ಚಾಕಿನಿಂದ ಗ್ರಂಥಿಗಳ ಚಿತ್ರ ಬರೆದು, ಯಾವುದು ಎಲ್ಲಿ ಸ್ರವಿಸುತ್ತದೆ ಎಂದು ಬೆತ್ತ ಇಟ್ಟು ತೋರಿಸುತ್ತೇನೆ. ಅವು ನನ್ನೊಳಗೂ ಇವೆ ಎಂದು ಒಪ್ಪಿಕೊಳ್ಳುವುದು ಮಾತ್ರ ನನ್ನಿಂದ ಆಗಲಿಲ್ಲ. ಸಬ್ಜಾ ಬೀಜ ನೆನೆಸಿ ಕುಡಿದೆ, ಅಂಬಲಿ ಕುಡಿದೆ, ಒದ್ದೆ ಟವೆಲು ಹೆಗಲಿಗೆ ಹಾಕಿಕೊಂಡು ರೊಟ್ಟಿ ಬಡಿದೆ. ಪಕ್ಕದ ಮನೆಯ ಪಾರಕ್ಕ ಹೇಳಿದಳೆಂದು ಅಂಗಾಲಿಗೆ ಈರುಳ್ಳಿ ಉಜ್ಜಿಕೊಂಡು, ಇಡೀ ದಿನ ಶಾಲೆಯಲ್ಲಿ ಮಕ್ಕಳು ಮೂಗು ಮುಚ್ಚಿಕೊಳ್ಳುವಂತೆ ಮಾಡಿದೆ.

ಇಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಇದೇ ಉರಿ ನನ್ನ ಮಗನ ಮದುವೆಯಲ್ಲಿ ಒಂದು ಅನಾಹುತ ಮಾಡಿತ್ತು. ಸೊಸೆ ಶ್ರುತಿಯ ತಾಯಿ, ಎಂದರೆ ನನ್ನ ಬೀಗಿತ್ತಿ, ಲಿಂಗಸುಗೂರಿನ ನೀಲಮ್ಮನವರು ಅಂದು ನನಗೆ ಉಡಿ ತುಂಬಲು ಬಂದಿದ್ದರು. ನಮ್ಮಲ್ಲಿ ಉಡಿ ತುಂಬುವುದೆಂದರೆ ಸೆರಗಿನೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು ಹಾಕಿ, ಇನ್ನು ಮೇಲೆ ನೀವು ನಮ್ಮವರು ಎಂದು ಹೇಳುವುದು. ಅದನ್ನು ಅರ್ಧಕ್ಕೇ ಬಿಟ್ಟು ಎದ್ದರೆ, ನಿಮ್ಮ ನೆಂಟಸ್ತನ ನಮಗೆ ಬೇಡ ಎಂದ ಹಾಗೆ. ನಾನು ಅರ್ಧಕ್ಕೇ ಎದ್ದೆ! ಸೆರಗಿನ ಅಕ್ಕಿಯನ್ನು ಅಲ್ಲೇ ಚೆಲ್ಲಿ, ಓಡಿಹೋಗಿ ಕಲ್ಯಾಣಮಂಟಪದ ಕೂಲರಿನ ಮುಂದೆ ನಿಂತುಬಿಟ್ಟೆ. ತಿರುಗಿ ಬರುವಷ್ಟರಲ್ಲಿ ನೀಲಮ್ಮನವರು ಮುಖ ಗಂಟು ಹಾಕಿಕೊಂಡು ಅಕ್ಕಿಯ ಮೊರವನ್ನು ಕೆಳಗಿಟ್ಟಿದ್ದರು. ಕಾರಣ ಹೇಳಲು ನನಗೆ ಬಾಯಿ ಬರಲಿಲ್ಲ. ಅಂದಿನಿಂದ ಅವರು ನಮ್ಮ ಹೊಸ್ತಿಲು ತುಳಿದಿರಲಿಲ್ಲ.

ಈಗ ಶ್ರುತಿ ಬಸುರಿ. ಏಳನೇ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಹಸಿರು ಬಳೆ ತಂದು ಕುಬುಸ ಮಾಡಬೇಕು, ನೀಲಮ್ಮನವರು ಬರಲೇಬೇಕು. ಹಿಂದಿನ ದಿನ ಶ್ರುತಿ ನನ್ನ ಹತ್ತಿರ ಬಂದು ಕುಳಿತಳು.

"ಅತ್ತಿ, ನಾಳೆ ನಮ್ಮವ್ವ ನಿಮಗ ಉಡಿ ತುಂಬ್ತಾಳ. ಆವಾಗ ನೀವು ಏಳಬ್ಯಾಡ್ರಿ. ಮತ್ತೇನೂ ಬ್ಯಾಡ ನನಗ."

ಆ ಹುಡುಗಿ ಎರಡು ಮನೆಗಳ ನಡುವೆ ಸಿಕ್ಕಿ ಎಷ್ಟು ಸೊರಗಿದ್ದಾಳೆ ಎಂಬುದು ಆಗ ನನಗೆ ಕಾಣಿಸಿತು. "ಕುರ್ಚಿಗೆ ಅಂಟಿಸಿದಂಗ ಕುಂದರ್ತೀನವ್ವಾ" ಎಂದು ಮಾತು ಕೊಟ್ಟೆ. ನಾನು ಏಳುವಂತಿಲ್ಲ ಎಂದಾದರೆ ಗಾಳಿಯೇ ನನ್ನ ಬಳಿಗೆ ಬರಬೇಕಲ್ಲ! ಯೋಜನೆ ಶುರುವಾದದ್ದು ಅಲ್ಲಿಂದ.

ಸೀಲಿಂಗ್ ಫ್ಯಾನು ನನ್ನ ಉರಿಗೆ ಯಾವ ಮೂಲೆಗೂ ಸಾಲದು. ಟೇಬಲ್ ಫ್ಯಾನಿನ ಕತ್ತು ಉಳುಕಿತ್ತು. ಬಳಗಾನೂರಿನ ನಮ್ಮ ಹೊಲದ ಸುಗ್ಗಿ ಮುಗಿದು ಭತ್ತ ತೂರುವ ಫ್ಯಾನು ಮನೆಯ ಹಿಂದಿನ ಗೋದಾಮಿಗೆ ಬಂದಿತ್ತು. ಆಳೆತ್ತರದ ಕಬ್ಬಿಣದ ಫ್ಯಾನು. ಅದರ ಮುಂದೆ ಭತ್ತ ಸುರಿದರೆ ಹೊಟ್ಟು, ಜೊಳ್ಳು, ಧೂಳೆಲ್ಲ ಆಚೆ ಹಾರಿ ಗಟ್ಟಿ ಕಾಳು ಮಾತ್ರ ಬುಡದಲ್ಲಿ ಬೀಳುತ್ತದೆ.

"ಅದನ್ನ ಪಡಸಾಲ್ಯಾಗ ಇಡ್ತೀಯಾ? ಹುಚ್ಚು ಗಿಚ್ಚು ಹಿಡದೈತೇನು?" ಎಂದರು ಯಜಮಾನರು. "ಅದು ಗಾಳಿ ಬೀಸಂಗಿಲ್ಲ, ತೂರತೈತಿ."

"ಗಾಳಿ ಅಂದ್ರ ಗಾಳೀನ. ವಿಜ್ಞಾನ ನನಗ ಹೇಳಿಕೊಡಬ್ಯಾಡ್ರಿ."

ಫ್ಯಾನನ್ನು ಪಡಸಾಲೆಯಲ್ಲಿ ನನ್ನ ಕುರ್ಚಿಯ ಹಿಂದೆ ನಿಲ್ಲಿಸಿ, ಮುಂದೆ ಒಂದು ತೆಳು ಸೀರೆಯ ಪರದೆ ಕಟ್ಟಿ, ಪರದೆಗೆ ಚೆಂಡುಹೂವಿನ ಮಾಲೆ ಇಳಿಬಿಟ್ಟೆ. ಶ್ರುತಿಯ ಕುರ್ಚಿಯನ್ನು ಗಾಳಿ ತಾಗದಂತೆ ಪಕ್ಕದ ಗೋಡೆಯ ಬದಿಗೆ ಹಾಕಿಸಿದೆ. ಯಜಮಾನರಿಗೆ ಸ್ವಿಚ್ಚಿನ ಬಳಿ ಕರ್ತವ್ಯ. ನಾನು ಬಲಗಿವಿ ಮುಟ್ಟಿಕೊಂಡರೆ ಚಾಲೂ, ಎಡಗಿವಿ ಮುಟ್ಟಿಕೊಂಡರೆ ಬಂದ್. ಒಮ್ಮೆ ಪರೀಕ್ಷೆಯನ್ನೂ ಮಾಡಬೇಕೆಂದಿದ್ದೆ. ಆದರೆ ಹೋಳಿಗೆಯ ಹೂರಣ ಕರೆಯಿತು. ಪರೀಕ್ಷೆ ಇಲ್ಲದೆ ಫಲಿತಾಂಶ ಹೇಳಬಾರದೆಂದು ಮಕ್ಕಳಿಗೆ ವರ್ಷಗಟ್ಟಲೆ ಹೇಳಿದವಳು ನಾನು.

ಮರುದಿನ ಲಿಂಗಸುಗೂರಿನವರು ಬಂದಿಳಿದರು. ನೀಲಮ್ಮನವರು ದಪ್ಪನೆಯ ಶಾಲು ಹೊದ್ದು, "ಆರಾಮ ಅದೀರಿ?" ಎಂದು ನನ್ನನ್ನು ಬಿಟ್ಟು ನನ್ನ ಹಿಂದಿನ ಗೋಡೆಯನ್ನು ಕೇಳಿದರು. ಪಡಸಾಲೆ ಹೆಂಗಸರಿಂದ ತುಂಬಿತು. ಶ್ರುತಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಆರತಿ ಎತ್ತಿ ಹಾಡು ಶುರುವಾಗುತ್ತಿದ್ದಂತೆ ನನ್ನ ಎದೆಯೊಳಗಿನ ಒಲೆ ಹೊತ್ತಿಕೊಂಡಿತು.

ಬಲಗಿವಿ ಮುಟ್ಟಿಕೊಂಡೆ. ಯಜಮಾನರು ಸ್ವಿಚ್ಚು ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಮುಟ್ಟಿಕೊಂಡೆ. ಅವರು ಮೇಲೆ ನೋಡಿ ಕೈ ಅಲ್ಲಾಡಿಸಿದರು. ಕರೆಂಟು ಹೋಗಿತ್ತು.

ಎಳ್ಳಷ್ಟೂ ಅಲುಗಾಡದೆ ಕುಳಿತೆ. ಬೆವರು ಕಿವಿಯ ಹಿಂದಿನಿಂದ ಇಳಿದು ಕುಪ್ಪಸದೊಳಗೆ ಹೋಯಿತು. ಶ್ರುತಿ ನನ್ನನ್ನೇ ನೋಡುತ್ತಿದ್ದಳು. ಕುರ್ಚಿಯ ಕೈ ಹಿಡಿದು, ಹಲ್ಲು ಕಚ್ಚಿ, ಕೊಟ್ಟ ಮಾತು ಉಳಿಸಿಕೊಂಡೆ. ಉರಿ ಇಳಿಯಿತು. ಫ್ಯಾನಿಲ್ಲದೆ ಗೆದ್ದಿದ್ದೆ! ನನಗೆ ಅಷ್ಟು ಹೆಮ್ಮೆಯಾದದ್ದು ಬಿ.ಎಡ್. ಪಾಸಾದಾಗಲೂ ಇಲ್ಲ. ಯಜಮಾನರು ತಮ್ಮ ಕರ್ತವ್ಯ ಮುಗಿಯಿತೆಂದು ಚುರುಮುರಿ ತಿನ್ನಲು ಹೊರಗೆ ನಡೆದರು. ಸ್ವಿಚ್ಚು ಹಾಕಿದ್ದು ಹಾಕಿದಂತೆಯೇ ಇತ್ತು.

ನೀಲಮ್ಮನವರು ಎದ್ದು ಬಂದರು. ಬಗಲಲ್ಲಿ ಅಕ್ಕಿ ತುಂಬಿದ ಮೊರ, ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ. ನಾನು ಸೆರಗು ಒಡ್ಡಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ಇವಳು ಈ ಸಲ ಕೂರುತ್ತಾಳೋ ಇಲ್ಲವೋ ಎಂಬಂತೆ. ನಾನು ನಕ್ಕೆ. ಅವರೂ ಒಂಚೂರು ನಕ್ಕು ಮೊದಲ ಹಿಡಿ ಅಕ್ಕಿ ಎತ್ತಿದರು.

ಆಗ ಕರೆಂಟು ಬಂತು.

ಮೊದಲು ಹೋದದ್ದು ಪರದೆ. ಅದು ಚೆಂಡುಹೂವಿನ ಮಾಲೆಯ ಸಮೇತ ನನ್ನ ತಲೆಯ ಮೇಲಿನಿಂದ ಹಾರಿ ಪಾರಕ್ಕನನ್ನು ಪೂರ್ತಿ ಮುಚ್ಚಿತು. ತಟ್ಟೆಯ ಅರಿಶಿನವೂ ಕುಂಕುಮವೂ ಒಟ್ಟಿಗೆ ಎದ್ದವು. ನೀಲಮ್ಮನವರ ಮುಖ ಹಣೆಯಿಂದ ಗದ್ದದವರೆಗೆ ಹಳದಿ. ಹಿಂದೆ ಕುಳಿತ ಹೆಂಗಸರೆಲ್ಲ ಕೆಂಪು. ಅಕ್ಕಿ, ಬಾಳೆಎಲೆ, ಬೀಸಣಿಗೆ, ಹಾಡು ಹೇಳುವವರ ಕನ್ನಡಕ ಎಲ್ಲವೂ ಬಾಗಿಲ ಕಡೆ ಹೊರಟವು. ಕೊಬ್ಬರಿ ಬಟ್ಟಲು ಮಾತ್ರ ಮೊರದಲ್ಲಿ ಗಟ್ಟಿಯಾಗಿ ಕುಳಿತಿತ್ತು. ಫ್ಯಾನು ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು. ಗಟ್ಟಿ ಕಾಳು ಇಲ್ಲಿ, ಜೊಳ್ಳು ಅಲ್ಲಿ.

ಇಷ್ಟಾದರೂ ನಾನು ಏಳಲಿಲ್ಲ. ಮಾತು ಎಂದರೆ ಮಾತು. ಹರಡಿದ ಕೂದಲಿನಲ್ಲಿ, ಖಾಲಿ ಸೆರಗು ಒಡ್ಡಿಕೊಂಡು ಕುಳಿತೇ ಇದ್ದೆ. ಕೊನೆಗೆ ನೀಲಮ್ಮನವರ ದಪ್ಪ ಶಾಲೂ ಹಾರಿತು. ನೋಡಿದರೆ ಅವರ ಕುತ್ತಿಗೆಯ ಸುತ್ತ, ಕುಪ್ಪಸದೊಳಗೆ ಸಿಕ್ಕಿಸಿದ ಒಂದು ಒದ್ದೆ ಟವೆಲು!

ಯಜಮಾನರು ಬಾಯಲ್ಲಿ ಚುರುಮುರಿ ಇಟ್ಟುಕೊಂಡೇ ಓಡಿ ಬಂದು ಸ್ವಿಚ್ಚಿಗೆ ಕೈ ಹಾಕಿದರು.

"ಬಂದ್ ಮಾಡಬ್ಯಾಡ್ರಿ ಬೀಗರ" ಎಂದರು ನೀಲಮ್ಮನವರು. ಕಣ್ಣು ಮುಚ್ಚಿ, ಹಳದಿ ಮುಖವನ್ನು ಗಾಳಿಗೆ ಒಡ್ಡಿ ನಿಂತಿದ್ದರು. "ಇರಲಿ ಬಿಡ್ರಿ. ಎಷ್ಟು ಹಿತ ಆಗಾಕತ್ತೈತಿ."

ಆಮೇಲೆ ಅವರು ಕಣ್ಣು ತೆರೆದು ನನ್ನ ಕಡೆ ಬಾಗಿದರು.

"ಮದುವ್ಯಾಗ ನೀವು ಎದ್ದು ಹೋಗಿದ್ದು ಇದಕ್ಕನ?"

"ಹೂಂರಿ. ಮೈಯಾಗ ಬೆಂಕಿ ಬಿದ್ದಂಗ ಆಗಿತ್ತು."

"ಅಯ್ಯ ನನ ತಾಯಿ. ಬಾಯಿಬಿಟ್ಟು ಒಂದ್ ಮಾತು ಹೇಳಬಾರದೇನ್ರಿ? ನಾ ಏನೇನೋ ತಿಳಕೊಂಡು ಮನಿ ಮಂದಿಗೆಲ್ಲಾ ಹೇಳ್ಕೋತ ಅಡ್ಡಾಡೀನಿ. ನನಗೂ ಹೋದ ವರ್ಷದಿಂದ ಇದ ಗೋಳು."

ಪರದೆಯೊಳಗಿಂದ ಪಾರಕ್ಕನ ದನಿ ಬಂತು. "ನನಗೂ ಐತ್ರೆವಾ. ಆ ಈರುಳ್ಳಿ ಏನೂ ಉಪಯೋಗಿಲ್ಲ."

ಮುಂದಿನದನ್ನು ನಾನು ಬದುಕಿರುವವರೆಗೆ ಮರೆಯುವುದಿಲ್ಲ. ಆ ವಯಸ್ಸಿನ ಹೆಂಗಸರು ಒಬ್ಬೊಬ್ಬರಾಗಿ ಶಾಲು, ಸ್ವೆಟರು ತೆಗೆದಿಟ್ಟು ಫ್ಯಾನಿನ ಎದುರಿಗೆ ಬಂದು ನಿಂತರು. ಇಷ್ಟು ದಿನ ನನ್ನೊಬ್ಬಳ ಗುಟ್ಟು ಎಂದುಕೊಂಡಿದ್ದು ಇಡೀ ಪಡಸಾಲೆಯ ಗುಟ್ಟಾಗಿತ್ತು. ನಿದ್ದೆ ಇಲ್ಲದ್ದು, ಸಿಟ್ಟು ಬರುವುದು, ಇಟ್ಟ ಬೀಗದ ಕೈ ಮರೆಯುವುದು, ಸುಮ್ಮನೆ ಅಳು ಬರುವುದು, ಎಲ್ಲ ಹೊರಗೆ ಬಂತು. ಗಂಡಸರು ಅಂಗಳಕ್ಕೆ ಹೋಗಿ ಹೋಳಿಗೆಯ ವಿಚಾರ ಮಾತಾಡತೊಡಗಿದರು. ಕೊನೆಗೆ ಫ್ಯಾನು ಬಂದ್ ಮಾಡಿ, ನೀಲಮ್ಮನವರು ಹಳದಿ ಮುಖದಲ್ಲೇ ಹೊಸ ಅಕ್ಕಿ ತರಿಸಿ ನನಗೆ ಉಡಿ ತುಂಬಿದರು. ಶ್ರುತಿ ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ಅದರಲ್ಲಿ ಅರ್ಧ ನಗುವಿನದ್ದಲ್ಲ ಎಂದು ನನಗೆ ಗೊತ್ತಾಯಿತು.

ಮುಂದಿನ ವಾರವೇ ಇಬ್ಬರೂ ಸಿಂಧನೂರಿಗೆ ಹೊರಟೆವು. ನೀಲಮ್ಮನವರು ಲಿಂಗಸುಗೂರಿನಲ್ಲಿ ಬಸ್ಸು ಹತ್ತಿ, ಪಕ್ಕದ ಸೀಟಿಗೆ ಟವೆಲು ಹಾಕಿ ಹಿಡಿದುಕೊಂಡು, ಮಸ್ಕಿಯಲ್ಲಿ ಕಿಟಕಿಯಿಂದ ತಲೆ ಹಾಕಿ ಕೂಗಿ ನನ್ನನ್ನು ಹತ್ತಿಸಿಕೊಂಡರು. ಅದೇ ಒದ್ದೆ ಟವೆಲು. ಸಿಂಧನೂರು ಬರುವವರೆಗೆ ಸರದಿಯಂತೆ ಕಿಟಕಿಯ ಪಕ್ಕ ಕುಳಿತೆವು.

ಅಲ್ಲಿನ ಡಾಕ್ಟರಮ್ಮ ಎಲ್ಲ ಕೇಳಿ, ಬಿಪಿ ನೋಡಿ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಎದೆಯ ಪರೀಕ್ಷೆ ಎಲ್ಲ ಮಾಡಿಸಿದರು. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ, ರಕ್ತ ಹೆಪ್ಪುಗಟ್ಟಿತ್ತೇ ಎಂದು ವಿಚಾರಿಸಿದರು. ನನಗೆ ಹಾರ್ಮೋನ್ ಚಿಕಿತ್ಸೆ ಆಗಬಹುದು, ಆದರೆ ಕೆಲವು ತಿಂಗಳಿಗೊಮ್ಮೆ ಬಂದು ತೋರಿಸುತ್ತಿರಬೇಕು ಎಂದರು. ನೀಲಮ್ಮನವರಿಗೆ ಬಾಣಂತನದಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟಿತ್ತಂತೆ. ಅವರಿಗೆ ಹಾರ್ಮೋನ್ ಬೇಡವೆಂದು ಬೇರೆ ಮಾತ್ರೆ ಬರೆದು, ದಿನಾ ನಡೆಯಲು ಹೇಳಿ, ಚಹಾ ಕಡಿಮೆ ಮಾಡಿ ಎಂದರು.

"ಚಾ ಬಿಡಿಸ್ತೀರಂದ್ರ ಉರೀನ ಇರಲಿ ಬಿಡ್ರಿ" ಎಂದರು ನೀಲಮ್ಮನವರು.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಟೀಚರ್ ಅದೀರಿ. ಇಷ್ಟು ದಿನ ಇದಕ್ಕ ಏನು ಮಾಡಿದ್ರಿ?"

"ಫ್ಯಾನು" ಎಂದೆ. ಮುಂದೆ ವಿವರಿಸಲು ನೀಲಮ್ಮನವರ ನಗು ಬಿಡಲಿಲ್ಲ.

ಎರಡು ತಿಂಗಳಲ್ಲಿ ನನ್ನ ಒಲೆ ಬಹುಮಟ್ಟಿಗೆ ಆರಿತು. ನಿದ್ದೆ ಬಂತು, ಯಜಮಾನರೊಡನೆ ಜಗಳವಾಡಲು ಕಾರಣಗಳನ್ನು ಹುಡುಕಬೇಕಾಗಿ ಬಂತು. ಹತ್ತನೇ ತರಗತಿಯಲ್ಲಿ ಆ ಪಾಠ ಮಾಡುವಾಗ, "ಮನೆಗೆ ಹೋಗಿ ನಿಮ್ಮ ಅವ್ವನಿಗೆ ಹೇಳಿರಿ, ಇದಕ್ಕೆ ಡಾಕ್ಟರ್ ಇದ್ದಾರೆ" ಎಂದು ಸೇರಿಸಿದೆ. ಮಸ್ಕಿಯ ಹೆಂಗಸರು ಗುಂಪುಗುಂಪಾಗಿ ಸಿಂಧನೂರಿನ ಬಸ್ಸು ಹತ್ತುವುದನ್ನು ಕಂಡಾಗ ಒಂದು ಚಳವಳಿಯನ್ನೇ ಶುರುಮಾಡಿದ ಗತ್ತು ನನ್ನದು.

ಲಿಂಗಸುಗೂರಿನಲ್ಲಿ ಶ್ರುತಿಗೆ ಹೆಣ್ಣು ಮಗು ಹುಟ್ಟಿತು. ತೊಟ್ಟಿಲ ಕಾರ್ಯಕ್ಕೆ ಕರೆಯಲು ನೀಲಮ್ಮನವರು ಫೋನು ಮಾಡಿದರು.

"ಜಲ್ದಿ ಬರ್ರಿ. ಫ್ಯಾನ್ ಮರೀಬ್ಯಾಡ್ರಿ ಮತ್ತ. ಮಂದಿ ಎಲ್ಲಾ ಕೇಳಾಕತ್ತಾರ. ನಿಮಗ ರಜಾ ಸಿಗಲಿಲ್ಲಂದ್ರ, ಫ್ಯಾನರ ಕಳಿಸಿಕೊಡ್ರಿ."

ಇಬ್ಬರೂ ಹೋದೆವು, ನಾನೂ ಫ್ಯಾನೂ. ಅದಕ್ಕೆ ಮುಂದಿನ ಸಾಲಿನಲ್ಲಿ ಜಾಗ, ಮೇಲೆ ಅರಿಶಿನ ಕುಂಕುಮ, ಒಂದು ಹೂವಿನ ಮಾಲೆ. ಎದುರಿಗೆ ದೂರದಲ್ಲಿ ಬೀಗಿತ್ತಿಯರು, ಪಾರಕ್ಕ, ಅವರ ಗೆಳತಿಯರು ಸಾಲಾಗಿ ಕುಳಿತು ಹಾಯಾಗಿ ಗಾಳಿ ತೆಗೆದುಕೊಳ್ಳುತ್ತಿದ್ದರು. ಆ ಸಾಲಿನ ನಡುವೆ ನಾನು ಒಬ್ಬಳೇ ಹಲ್ಲು ಕಟಕಟ ಎನ್ನಿಸುತ್ತ, ನೀಲಮ್ಮನವರ ದಪ್ಪ ಶಾಲನ್ನೇ ಕಡ ಪಡೆದು ಹೊದ್ದು ಕುಳಿತಿದ್ದೆ. ಮಾತ್ರೆ ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು.

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ಮೇಲೆ ನೀಲಮ್ಮನವರು ಅಕ್ಕಿಯ ಮೊರ ಹಿಡಿದು ನನಗೆ ಉಡಿ ತುಂಬಲು ಬಂದರು. ಮೊದಲ ಹಿಡಿ ಬಿತ್ತು. ಎರಡನೆಯದೂ ಬಿತ್ತು. ಇನ್ನು ತಡೆಯಲಾಗಲಿಲ್ಲ. ಎದ್ದುಬಿಟ್ಟೆ.

ಸಭೆಯೆಲ್ಲ ನನ್ನನ್ನೇ ನೋಡಿತು. ನೀಲಮ್ಮನವರು ನನ್ನ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಈ ಸಲ ಎಲ್ಲಿಗ್ರಿ ಬೀಗಿತ್ತಿ?"

"ಬಿಸಿಲಿಗೆ" ಎಂದೆ.