ಮೊದಲು ಮಳೆ, ಆಮೇಲೆ ಕಾಫಿ

ನಮ್ಮ ಸೋದರಮಾವನಷ್ಟು ಅಪಾಯಕಾರಿ ಮನುಷ್ಯ ಇಡೀ ರಾಜಾಜಿನಗರದಲ್ಲೇ ಇರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಬೀಡಿ ಸೇದರು, ಯಾರನ್ನೂ ಬೈಯರು. ಆದರೆ ಮನೆಗೆ ಬಂದವರಿಗೆಲ್ಲ ಆಣೆಕಟ್ಟು ತೋರಿಸುತ್ತಿದ್ದರು!

ಜಲವಿದ್ಯುತ್ ಕೇಂದ್ರವೊಂದರಲ್ಲಿ ನೋಡಬಂದವರಿಗೆ ವಿವರಣೆ ಕೊಡುವುದೇ ಅವರ ಕೆಲಸವಾಗಿತ್ತು. ನಿವೃತ್ತರಾಗಿ, ಹೆಂಡತಿಯನ್ನೂ ಕಳೆದುಕೊಂಡು ನಮ್ಮ ಮನೆ ಸೇರಿದರು. ಬಾಯಿಗೆ ಮಾತ್ರ ನಿವೃತ್ತಿ ಆಗಿರಲಿಲ್ಲ. ತಿಂಗಳೊಳಗೆ ನಮ್ಮ ಹಿತ್ತಲ ತುಂಬ ಗುಡ್ಡ, ಕಣಿವೆ, ಕೆಮ್ಮಣ್ಣಿನ ಕಟ್ಟೆ, ಡಬ್ಬಿ ಮುಚ್ಚಳದ ತೂಬು, ತಗಡಿನ ಚಕ್ರ. ಕಣಿವೆಯ ಒಂದು ಮಗ್ಗುಲಿಗೆ ಗರಿಕೆ, ಇನ್ನೊಂದು ಬೋಳು. ಬಂದವರು ತಾವೇ ಕೊಡ ಎತ್ತಿ ಎರಡೂ ಕಡೆ ನೀರು ಸುರಿಯಬೇಕು. "ಮೊದಲು ಮಳೆ, ಆಮೇಲೆ ಕಾಫಿ" ಎಂಬುದು ಅವರ ಕಾನೂನು.

"ನೋಡಿದ್ರಾ ಸಾರ್? ಗರಿಕೆ ಕಡೆಯಿಂದ ತಿಳಿನೀರು, ಬೋಳು ಕಡೆಯಿಂದ ರಾಡಿ! ಮರ ಕಡಿದ್ರೆ ಕಟ್ಟೆ ತುಂಬ ಹೂಳು. ಹೂಳು ತುಂಬಿದ್ರೆ ಚಕ್ರ ತಿರುಗತ್ತಾ?"

"ತಿರುಗಲ್ಲ" ಎನ್ನಬೇಕು. ಎನ್ನದಿದ್ದರೆ ಇನ್ನೊಂದು ಕೊಡ! ಆ ಕೊಡಗಳನ್ನು ಬೀದಿ ನಲ್ಲಿಯಿಂದ ಹೊತ್ತು ತರುತ್ತಿದ್ದವನು ಯಾರು? ನಾನೇ, ಇನ್ಯಾರು? ಅವರ ಮಳೆಗಾಲ ಮುಗಿಯುವ ಲಕ್ಷಣವೇ ಇರಲಿಲ್ಲ. ನನ್ನ ಸೊಂಟ ಮುಗಿಯುತ್ತ ಬಂದಿತ್ತು. ಕೆಂಗೇರಿಯ ಬೀಗರು, "ಒಂದು ಲೋಟ ಕಾಫಿಗೆ ಇಷ್ಟು ಕೂಲಿನಾ?" ಎಂದು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಇಷ್ಟಾಗಿ, ನಮ್ಮ ಮನೆಗೆ ಕರೆಂಟೇ ಇರಲಿಲ್ಲ! ನನ್ನ ಹೆಂಡತಿ ಬುಡ್ಡಿದೀಪದಲ್ಲಿ ಅಕ್ಕಪಕ್ಕದವರ ರವಿಕೆ ಹೊಲಿಯುತ್ತಿದ್ದಳು. "ರೀ, ಈಗೀಗ ಸೂಜಿ ಕಣ್ಣೇ ಕಾಣಲ್ಲ" ಎಂದಾಗ ನನಗೆ ಹೆದರಿಕೆಯಾಯಿತು. ಹೇಗೋ ವೈರಿಂಗ್ ಮುಗಿಸಿ, ಅಲೆದು ಅಲೆದು, ಕೊನೆಗೊಂದು ದಿನ ವಿದ್ಯುತ್ ಇಲಾಖೆಯ ಇನ್ಸ್‌ಪೆಕ್ಟರನ್ನು ಕರೆಸಿದೆ. ಅವರು ನೋಡಿ ರುಜು ಹಾಕಿದರೆ ದೀಪ.

ನಾನು ಎಲೆ ಅಡಿಕೆ ತರುವಷ್ಟರಲ್ಲಿ ಅವರ ಕೈಗೆ ಕೊಡ ಬಂದಿತ್ತು! ಸುರಿದ ರಭಸಕ್ಕೆ ಕಟ್ಟೆ ಒಡೆದು, ಬಿಳಿ ಷರಾಯಿ ಮಂಡಿಯವರೆಗೆ ಕೆಂಪಾಯಿತು. "ನಿಮ್ಮ ಸಹವಾಸವೇ ಬೇಡ ಸ್ವಾಮಿ!" ಎಂದು ರುಜು ಹಾಕದೆ ಸೈಕಲ್ ಹತ್ತಿದರು.

ನನಗೂ ತಾಳ್ಮೆ ಕೆಟ್ಟಿತು. "ಊರಿಗೆಲ್ಲ ಪಾಠ ಹೇಳ್ತೀರಲ್ಲ ಮಾವ, ಇವಳ ಕಣ್ಣು ಹೋದ್ರೆ ಏನ್ ಮಾಡ್ತೀರಿ?" ಎಂದುಬಿಟ್ಟೆ.

ಮಾವ ಮಾರನೆಯ ದಿನದಿಂದ ಬೆಳಿಗ್ಗೆಯೇ ಹೊರಟು ಇನ್ಸ್‌ಪೆಕ್ಟರ ಕಚೇರಿಯ ಮೆಟ್ಟಿಲ ಮೇಲೆ ಕೂತರು. ನಾಲ್ಕನೆಯ ದಿನ ಅವರನ್ನು ಕರೆತಂದೇಬಿಟ್ಟರು. ತಪಾಸಣೆ ಮುಗಿದು ರುಜು ಬೀಳುವವರೆಗೂ ಬಾಯಿಗೆ ಟವಲು ಒತ್ತಿಕೊಂಡು ಮೂಲೆಯಲ್ಲಿ ನಿಂತಿದ್ದರು, ಪಾಪ!

ವಾರದೊಳಗೆ ಒಂದು ಸಂಜೆ ದೀಪ ಹತ್ತಿತು. ಹೆಂಡತಿ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿ ನಕ್ಕಳು. ಮಾವ ಅವಳನ್ನೇ ನೋಡುತ್ತಿದ್ದರು.

"'ಇಲ್ಲಿಂದ ಬೆಂಗಳೂರಿಗೆ ಬೆಳಕು ಹೋಗತ್ತೆ' ಅಂತ ಕೇಂದ್ರ ನೋಡೋಕೆ ಬಂದೋರಿಗೆಲ್ಲ ಹೇಳ್ತಿದ್ದೆ ಕಣೋ. ಅಲ್ಲಿ ನಮ್ಮ ಮನೆ ಆ ತಂತಿ ಕೆಳಗೇ ಇತ್ತು. 'ನಮಗೆ ಯಾವಾಗ ಬರತ್ತೆ ರೀ?' ಅಂತ ನಿಮ್ಮತ್ತೆ ಒಂದೇ ಒಂದು ಸಲ ಕೇಳಿದ್ಲು. 'ಬರತ್ತೆ ಬಿಡು' ಅಂದೆ. ಬುಡ್ಡಿದೀಪದಲ್ಲೇ ಬದುಕಿ ಹೋಗ್ಬಿಟ್ಲು."

ಹೆಂಡತಿ ಹೊಲಿಗೆ ಬಿಟ್ಟು ಎದ್ದು, "ಮಾವ, ಇದನ್ನ ಆರಿಸೋದು ಹೇಗೆ, ನೀವೇ ಹೇಳ್ಕೊಡಿ" ಎಂದಳು.

"ಈಗ ಬೇಡಮ್ಮ" ಎಂದರು ಮಾವ, ಕಣ್ಣೊರೆಸಿಕೊಳ್ಳುತ್ತ. "ಇನ್ನೊಂಚೂರು ಹೊತ್ತು ಉರೀಲಿ."