ತಂತ್ರಜ್ಞಾನಕ್ಕೆ ಲಗಾಮು, ನನ್ನ ಕೈಗೆ ಅಂಕಪಟ್ಟಿ

ನಾನು ಕನ್ನಡ ಮೇಷ್ಟ್ರು. ನಮ್ಮ ಚಿತ್ರದುರ್ಗದ ಕಡೆ ಎಲ್ಲೇ ಪ್ರಬಂಧ, ಚರ್ಚಾಸ್ಪರ್ಧೆ ನಡೆದರೂ ತೀರ್ಪುಗಾರನಾಗಿ ಕರೆಯುತ್ತಾರೆ. ಈಗೀಗ ವಿಷಯ ಒಂದೇ: ಮೊಬೈಲು, ಡ್ರೋನು, ಎಐ, ಇವುಗಳಿಗೆ ಕಾನೂನು ಬೇಕೋ ಬೇಡವೋ. ಯಾರ ವಾದ ಮನಸ್ಸಿಗೆ ನಾಟುತ್ತದೆ ಎಂದು ತೂಗುವುದು ನನ್ನ ಕೆಲಸ. ತೂಗಲು ಹೋದ ನನ್ನನ್ನೇ ಮಕ್ಕಳು ತೂಗಿ ಕಳಿಸಿದ್ದು ಎಷ್ಟು ಸಲವೋ!

೧

ಹೊಸದುರ್ಗದಲ್ಲಿ ಪ್ರಬಂಧ ಸ್ಪರ್ಧೆ. ಶಾಲೆಯಲ್ಲಿ ಮೊಬೈಲ್ ನಿಷೇಧಿಸಬೇಕೇ? ಎಲ್ಲರೂ ಕಣ್ಣು ಹಾಳು, ನಿದ್ದೆ ಹಾಳು ಎಂದೇ ಬರೆದಿದ್ದರು. ಮಾಡದಕೆರೆಯ ಹುಡುಗಿಯೊಬ್ಬಳು ಮಾತ್ರ ಹೀಗೆ ಬರೆದಿದ್ದಳು: "ನಿಯಮ ಮೊದಲು ದೊಡ್ಡವರಿಗೆ ಇರಲಿ. ನಾನು ಬರೆಯಲು ಕುಳಿತ ಮೇಲೆ ನಮ್ಮ ಕೊಠಡಿಯ ಮೇಷ್ಟ್ರು ಒಂಬತ್ತು ಸಲ ಫೋನ್ ನೋಡಿದ್ದಾರೆ. ಈಗ ಹತ್ತು."

ಪಕ್ಕದಲ್ಲಿದ್ದ ಮೇಷ್ಟ್ರಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಆಧಾರ ಕೊಡೋದು ಅಂದ್ರೆ ಹಿಂಗ್ ನೋಡ್ರಿ! ಯಾರಿದ್ರು ಆ ಕೊಠಡೀಲಿ?"

ಅವರು ಫೋನಿನಿಂದ ತಲೆ ಎತ್ತಿ, "ನಾನೇ ಸಾರ್, ಯಾಕೆ?" ಅಂದರು.

೨

ಹೊಳಲ್ಕೆರೆಯ ವಿದ್ಯಾರ್ಥಿಯೊಬ್ಬ ಮನೆಯಲ್ಲಿ ಬರೆದು ತಂದ ಪ್ರಬಂಧ, 'ಎಐ ನಂಬಬಾರದು'. ವಾದ ಅಚ್ಚುಕಟ್ಟು, ಒಂದು ಕಾಗುಣಿತದ ತಪ್ಪೂ ಇಲ್ಲ. ಸಂಶಯ ಬಂದು ಕರೆಸಿದೆ.

"ನೀನೇ ಬರೆದ್ಯೇನಪ್ಪ?"

"ಇಲ್ಲ ಸಾರ್, ಎಐ ಬರ್ಕೊಡ್ತು."

"ಲೇ, ಅದನ್ನ ನಂಬಬಾರದು ಅಂತ ಇದ್ರಾಗೆ ಐತಲ್ಲೋ!"

"ಅದೇ ತನ್ನ ಬಾಯಾರೆ ಒಪ್ಕಂಡೈತೆ ಸಾರ್. ಇನ್ನೇನು ಸಾಕ್ಷಿ ಬೇಕು?"

ಪ್ರಬಂಧಕ್ಕೆ ಸೊನ್ನೆ ಹಾಕಿದೆ. ಹುಡುಗನನ್ನು ಚರ್ಚಾ ತಂಡಕ್ಕೆ ಸೇರಿಸಿಕೊಳ್ಳಿ ಎಂದು ಪ್ರಿನ್ಸಿಪಾಲರಿಗೆ ಚೀಟಿಯನ್ನೂ ಬರೆದೆ.

೩

ಚಿತ್ರದುರ್ಗದಲ್ಲಿ ಚರ್ಚಾಸ್ಪರ್ಧೆ. ಡ್ರೋನ್ ಹಾರಿಸಲು ಬಿಗಿ ಕಾನೂನು ಬೇಕು ಎಂದು ವಾದಿಸಿದವಳು ತುರುವನೂರು ಕಡೆಯ ಕುರಿ ಕಾಯುವ ಮನೆತನದ ಹುಡುಗಿ. ಮಗಳು ಮೈಕಿನ ಮುಂದೆ ನಿಲ್ಲುವುದನ್ನು ಮೊದಲ ಸಲ ನೋಡಲು ಬಂದಿದ್ದ ಅಪ್ಪ, ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಳ್ಳುತ್ತಾ ಕೊನೆಯ ಸಾಲಿನಲ್ಲಿ ಕುಳಿತಿದ್ದ.

"ಭೀಮಸಮುದ್ರದ ಹತ್ರ ನಮ್ಮ ಹಿಂಡು ಮೇಯ್ತಿತ್ತು. ಯಾರದೋ ಮದುವೆ ಡ್ರೋನ್ ತಲೆ ಮೇಲೆ ಬಂತು. ಕುರಿ ದಿಕ್ಕಾಪಾಲಾದ್ವು," ಅಂದಳು.

ಎದುರಾಳಿ ಹುಡುಗ ನಕ್ಕ. "ಇದು ಕಟ್ಟುಕತೆ. ಸಾಕ್ಷಿ ಎಲ್ಲಿ?"

ಹುಡುಗಿ ಕೊನೆಯ ಸಾಲಿನಲ್ಲಿದ್ದ ಅಪ್ಪನ ಕಡೆ ನೋಡಿದಳು. ಆಧಾರವಿಲ್ಲದ ವಾದಕ್ಕೆ ಅಂಕ ಕಡಿಮೆ ಎಂಬುದು ನಾನೇ ಮಾಡಿದ ನಿಯಮ. ಮನಸ್ಸಿಲ್ಲದ ಮನಸ್ಸಿನಿಂದ ಪೆನ್ನು ಎತ್ತಿದೆ.

ಅಷ್ಟರಲ್ಲಿ ಮುಖ್ಯ ಅತಿಥಿಗಳು, ಭೀಮಸಮುದ್ರದ ಅಡಿಕೆ ವ್ಯಾಪಾರಿ, ಎದ್ದು ನಿಂತರು. "ಸುಳ್ಳಲ್ಲ ಕಣ್ರಿ. ಆ ಮದುವೆ ನನ್ನ ಮಗಳದೇ."

ಹಿಂದಿನ ಸಾಲಿನಿಂದ ಅಪ್ಪ ಎದ್ದ. "ನಿಮ್ದೇನ್ರಿ ಅದು? ನಮ್ಮ ಟಗರು ಮೂರು ದಿನ ಹುಡುಕ್ಸಿ ಆಮೇಲೆ ಸಿಕ್ತು!"

"ನಮ್ಗೂ ಸಿಕ್ಕೈತೆ ಕಣಪ್ಪ," ಅಂದರು ಅತಿಥಿಗಳು. "ಮದುವೆ ವಿಡಿಯೋದಾಗೆ ಐತೆ. ಮದುಮಕ್ಕಳಿಗಿಂತ ಅದೇ ಚೆಂದ ಬಂದೈತೆ."

ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹುಡುಗಿ ಮಾತ್ರ ನಗಲಿಲ್ಲ. ಇಂಥ ಮಕ್ಕಳು ನಮ್ಮ ಜಿಲ್ಲೆಯವರು ಎಂದು ನನ್ನೆದೆ ಉಬ್ಬುವಂತೆ, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದಳು:

"ತೀರ್ಪುಗಾರರು ದಯವಿಟ್ಟು ಬರ್ಕಳ್ರಿ. ಒಂದು, ಸಾಕ್ಷಿ ಸಿಕ್ತು. ಎರಡು, ನಮ್ಮ ಟಗರಿನ ಒಪ್ಪಿಗೆ ಇಲ್ಲದೆ ಅದರ ವಿಡಿಯೋನೂ ತೆಗೆದಿದ್ದಾರೆ!"