ಕೊನೆಯ ಪುಟದ ಚುಕ್ಕೆ

ಎಂಟುನೂರು ವರ್ಷಗಳಿಂದ ಜಗತ್ತು ಕೇಳದೆಯೇ ಬಿಟ್ಟಿದ್ದ ಗಹನವಾದ ಪ್ರಶ್ನೆಯೊಂದು ಆ ಬೆಳಿಗ್ಗೆ ಗ್ರಂಥಾಲಯದ ಮಹಡಿಯಲ್ಲಿ ಎದ್ದು ಕೂತಿತು: ಕೊನೆಯ ಪುಟದ ಕೊನೆಯ ಸಾಲಿನಲ್ಲಿರುವ ಚುಕ್ಕೆ ಸ್ವರವೋ, ಅಲ್ಲವೋ?

ಪ್ರಶ್ನೆ ಎದುರಾದದ್ದು ಟೆಂಪರರಿಗೆ. ಕೆಲಸಕ್ಕೆ ಸೇರಿ ತಲೆಕೂದಲು ಅರ್ಧ ಉದುರಿದರೂ ಕಾಯಂ ಆಗದ ಕಾರಣ ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು. ಹಿಂದಿನ ಕಾಲದ ಯುರೋಪಿನ ಕ್ರೈಸ್ತ ಸನ್ಯಾಸಿಗಳು ಚರ್ಮದ ಹಾಳೆಯ ಮೇಲೆ ನಾಲ್ಕು ಕೆಂಪು ಗೆರೆ ಎಳೆದು, ಸ್ವರಕ್ಕೊಂದರಂತೆ ಚೌಕ ಚುಕ್ಕೆಗಳಲ್ಲಿ ಬರೆದಿಟ್ಟ ಪ್ರಾರ್ಥನಾಗೀತೆಗಳನ್ನು ಫೋಟೊ ನೋಡಿಕೊಂಡು ಕಂಪ್ಯೂಟರಿಗೆ ತುಂಬುವುದು ಅವನ ಕೆಲಸ. ಸಂಜೆ ಹೊರಗಿನ ಪಂಡಿತರೊಬ್ಬರು ಬಂದು ಮೂಲ ಪುಸ್ತಕದ ಜೊತೆ ತಾಳೆ ನೋಡುವವರಿದ್ದರು. ತಪ್ಪಿಲ್ಲದಿದ್ದರೆ ನೌಕರಿ ಕಾಯಂ. ಆ ಖುಷಿಗೋ ಏನೋ, ಕಾಫಿ ಕುಡಿಯುವಾಗಲೇ ಅವನಿಗೆ ಜೋರಾಗಿ ಸೀನು ಬಂತು. ಮೂಗು ಒರೆಸಿಕೊಂಡು ನೋಡಿದರೆ ತೆರೆಯ ಮೇಲಿನ ಫೋಟೊದಲ್ಲಿ ಈ ಚುಕ್ಕೆ.

"ಸ್ವರಾನೇ ಕಣಯ್ಯ. ಹಾಡಿನ ಜೀವ ಇರೋದೇ ಇಲ್ಲಿ," ಎಂದು ಪೇಪರ್ ಓದಲು ಬಂದಿದ್ದ ಸಂಗೀತದ ಮೇಷ್ಟ್ರು ಹಾಡಿಯೇ ತೋರಿಸಿದರು. ಅಷ್ಟು ಮೇಲಿನ ಸ್ವರದಲ್ಲಿ ಅವರ ದನಿ ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನಂತಾಯಿತು.

"ಸ್ವಲ್ಪ ದುಂಡಗಿದೆಯಲ್ಲ ಸಾರ್?"

"ಬರೆದೋನ ಕೈ ನಡುಗಿರತ್ತೆ."

"ಹಾಕ್ಬಿಡಪ್ಪ," ಎಂದರು ಮೇಲಧಿಕಾರಿ ಮೇಡಂ. "ಇರೋದನ್ನ ಬಿಟ್ರೆ ತಪ್ಪು. ಇಲ್ಲದ್ದನ್ನ ಹಾಕಿದ್ರೆ ಸಂಶೋಧನೆ."

ಹಾಕಿದ.

ಮಧ್ಯಾಹ್ನದ ಹೊತ್ತಿಗೆ ಅನುಮಾನ ಕೊರೆಯತೊಡಗಿತು. ಮೂಲ ಪುಸ್ತಕ ಹೊಲಿಗೆ ಬಿಚ್ಚಿಸಿಕೊಂಡು ಕೆಳಗೆ ಬೈಂಡರಣ್ಣನ ಮೇಜಿನ ಮೇಲೆ ಮಲಗಿತ್ತು. ಹೋಗಿ ನೋಡಿದರೆ ಅದರಲ್ಲಿ ಚುಕ್ಕೆಯೇ ಇಲ್ಲ.

"ಅಣ್ಣ, ನಾನು ಕೆಟ್ಟೆ. ನಾನು ಹಾಕಿರೋ ಚುಕ್ಕೆ ಇದರಲ್ಲಿಲ್ಲ."

"ಯಾವ ಜಾಗ, ತೋರ್ಸು."

ತೋರಿಸಿದ.

"ಇಷ್ಟಕ್ಕೇ ಮುಖ ಇಷ್ಟುದ್ದ ಮಾಡ್ಕೊಂಡಿದ್ದೀಯಾ? ನಾನಿಲ್ವಾ? ಹೋಗು, ಊಟ ಮಾಡು."

ಸಮಾಧಾನದ ಮಾತು ಎಂದುಕೊಂಡು ಟೆಂಪರರಿ ಮೇಲೆ ಬಂದ. ಬಂದವರೆಲ್ಲ ನೋಡಲೆಂದು ಬೆಳಿಗ್ಗೆಯಿಂದ ಅಲುಗಿಸದೆ ಬಿಟ್ಟಿದ್ದ ಪುಟವನ್ನು ತೆರೆಯ ಮೇಲೆ ತುಸು ಸರಿಸಿದ. ಹಾಡು ಸರಿಯಿತು. ಚುಕ್ಕೆ ಇದ್ದಲ್ಲೇ ಇತ್ತು. ಉಗುರಿನಿಂದ ಕೆರೆದು ಮೂಸಿದ. ಕಾಫಿ. ತಾನು ತುಂಬಿದ್ದ ಸ್ವರವನ್ನೂ ಕಂಪ್ಯೂಟರಿನಿಂದ ಅಳಿಸಿಹಾಕಿ, ನೌಕರಿಗೆ ಸೇರಿದ ಮೇಲೆ ಮೊದಲ ಸಲ ಕಾಲು ಚಾಚಿ ಕೂತ.

ಸಂಜೆ ಪಂಡಿತರು ಭೂತಗನ್ನಡಿ ಹಿಡಿದು ತಾಳೆ ನೋಡುತ್ತ ಹೋದರು. ಕೊನೆಯ ಪುಟದಲ್ಲಿ ನಿಂತರು.

"ಪುಸ್ತಕದಲ್ಲಿ ಇಲ್ಲೊಂದು ಸ್ವರ ಇದೆಯಲ್ಲ. ನೀವು ಹಾಕೇ ಇಲ್ಲ."

ಟೆಂಪರರಿ ಬಗ್ಗಿ ನೋಡಿದ. ಮಧ್ಯಾಹ್ನ ಇರದಿದ್ದ ಕಂದು ಚುಕ್ಕೆಯೊಂದು ಕೆಂಪು ಗೆರೆಯ ಮೇಲೆ ಅಚ್ಚುಕಟ್ಟಾಗಿ, ಚೌಕವಾಗಿ ಕೂತಿತ್ತು. ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಬೈಂಡರಣ್ಣ ಕಣ್ಣು ಮಿಟುಕಿಸಿದ.

"ಸಾರ್, ಅದು... ಆಮೇಲೆ ಬಿದ್ದಿರಬಹುದು."

"ಆಮೇಲಾ? ಈ ಬಣ್ಣ ಬರ್ಬೇಕಾದ್ರೆ ಶಾಯಿಗೆ ಎಂಟುನೂರು ವರ್ಷ ಬೇಕು ಕಣ್ರೀ."

"ಬೆಳಿಗ್ಗೇನೇ ಬಡ್ಕೊಂಡೆ," ಎಂದರು ಸಂಜೆ ಪೇಪರಿಗೂ ಬಂದಿದ್ದ ಮೇಷ್ಟ್ರು.

ನಿಜ ಹೇಳಿದರೆ ಬೈಂಡರಣ್ಣನ ಕೆಲಸ ಹೋಗುತ್ತಿತ್ತು. ತಪ್ಪು ತನ್ನದೇ ಎಂದು ಟೆಂಪರರಿ ಒಪ್ಪಿಕೊಂಡ.

ಚುಕ್ಕೆ ಕಾಯಂ ಆಯಿತು. ಟೆಂಪರರಿ ಆಗಲಿಲ್ಲ.